ಪೆತ್ರೋನಾ ಉಜ್ಜದೆ ಬಿಟ್ಟ ಮಂಡಿ

ಓಹಾಕಾ ಎಂಬ ಬೆಟ್ಟಸೀಮೆಯ ಒಂದು ಹಳ್ಳಿಯಲ್ಲಿ ಯಾರ ಕಾಲು ಉಳುಕಿದರೂ ಪೆತ್ರೋನಾಳ ಬಾಗಿಲಿಗೇ ಬರಬೇಕು. ಬೆಣ್ಣೆಯಿಂದ ಕೂದಲು ತೆಗೆದಂತೆ ಉಳುಕು ತೆಗೆಯುವ ಕೈ ಅವಳದು. ಈಗ ನೋವು ಅವಳ ಮನೆಗೇ ಬಂದಿತ್ತು. ಸೊಸೆ ಎಲಾದಿಯಾಳ ಬಲಮಂಡಿ ಎರಡೇ ದಿನದಲ್ಲಿ ಊದಿ ಕುಂಬಳಕಾಯಿಯಾಗಿತ್ತು, ಜೊತೆಗೆ ಚಳಿಜ್ವರ ಬೇರೆ. ಮೆಕ್ಕೆಜೋಳ ಅರೆಯುವ ಕಲ್ಲಿನ ಮುಂದೆ ಅವಳು ಮಂಡಿಯೂರದಿದ್ದರೆ ರೊಟ್ಟಿಯಿಲ್ಲ, ಅದನ್ನು ಮಾರುವ ಸಂತೆಯೂ ಇಲ್ಲ.

“ಬಿಸಿ ಹೆಂಚಿನ ಮುಂದಿಂದ ಎದ್ದು ತಣ್ಣೀರು ಮುಟ್ಟಿದಾಳೆ. ಶೀತ ಮೂಳೆಗೆ ಇಳಿದಿದೆ,” ಎಂದು ಅತ್ತೆ ಎಣ್ಣೆ ಕಾಯಿಸತೊಡಗಿದಳು.

ಅಷ್ಟರಲ್ಲಿ ಪಕ್ಕದ ಮನೆಯ ಆರೋಗ್ಯ ಕಾರ್ಯಕರ್ತೆ ತೊಮಾಸಾ ಬಂದಳು.

“ಶೀತ ಅಂತೀರಲ್ಲ ಪೆತ್ರೋನಮ್ಮ, ಮೊದಲು ಕೈ ಇಟ್ಟು ನೋಡಿ. ಉಜ್ಜಬೇಡಿ, ಬರೀ ಇಡಿ.”

“ನನಗೇ ಪಾಠ ಹೇಳ್ತೀಯಾ? ನಿನ್ನ ಸೊಂಟ ಸರಿಮಾಡಿದೋಳು ನಾನು ಕಣೇ.”

“ಅದಕ್ಕೇ ನಿಮ್ಮ ಕೈಯನ್ನೇ ಕೇಳ್ತಿರೋದು.”

ಪೆತ್ರೋನಾ ಎರಡೂ ಮಂಡಿಗಳ ಮೇಲೆ ಕೈಯಿಟ್ಟಳು. ಎಡಮಂಡಿ ತಣ್ಣಗಿತ್ತು. ಬಲಮಂಡಿ ಕಾದ ಹೆಂಚಿನಂತೆ ಸುಡುತ್ತಿತ್ತು. ಅವಳು ಸೊಸೆಯ ಮುಖ ನೋಡಿದಳು.

“ಹೋದ ವಾರ ಪಲ್ಯಕ್ಕೆ ಕಳ್ಳಿ ಕೊಯ್ಯುವಾಗ ಈ ಮಂಡಿಗೇ ಮುಳ್ಳು ಚುಚ್ಚಿತ್ತು ಅತ್ತೆ,” ಎಂದಳು ಸೊಸೆ ಮೆಲ್ಲಗೆ.

“ಅಲ್ಲಿಂದ್ಲೇ ರೋಗಾಣು ಕೀಲೊಳಗೆ ಹೋಗಿರಬಹುದು,” ಎಂದಳು ತೊಮಾಸಾ. “ಉಜ್ಜಿದ್ರೆ ಅದು ಹೋಗಲ್ಲ. ತಡಮಾಡಿದ್ರೆ ಕೆಲವೇ ದಿನದಲ್ಲಿ ಕೀಲನ್ನೇ ತಿಂದುಹಾಕುತ್ತೆ. ಅಂಗಡಿ ಮಾತ್ರೆನೂ ಬೇಡ. ಇವತ್ತೇ ಆಸ್ಪತ್ರೆಗೆ ಹೋಗಬೇಕು.”

“ಮಂಡಿಗೆ ಸೂಜಿ ಚುಚ್ತಾರಂತಲ್ಲೇ?” ಎಂದಳು ಅತ್ತೆ.

“ಚುಚ್ಚಿ ಒಳಗಿನ ನೀರು ತೆಗೆದು ಪರೀಕ್ಷೆ ಮಾಡಿದ್ರೇನೇ ಯಾವ ರೋಗಾಣು, ಯಾವ ಔಷಧಿ ಅಂತ ಗೊತ್ತಾಗೋದು.”

ಪೆತ್ರೋನಾ ಎಣ್ಣೆ ಬಟ್ಟಲನ್ನು ಒಲೆಯಿಂದ ಕೆಳಗಿಳಿಸಿದಳು. “ಗಾಡಿ ಕರೆಸು. ನಲವತ್ತು ವರ್ಷದಲ್ಲಿ ಈ ಕೈ ನನಗೆ ಸುಳ್ಳು ಹೇಳಿಲ್ಲ.”

ಆಸ್ಪತ್ರೆಯಲ್ಲಿ ಮಂಡಿಗೆ ಚುಚ್ಚಿದ ಸೂಜಿಯಲ್ಲಿ ಬಂದದ್ದು ಕೀವು. ವೈದ್ಯರು ಅದನ್ನೆಲ್ಲ ತೆಗೆದು ಕೀಲು ತೊಳೆದರು, ಎರಡು ವಾರ ನರದ ಮೂಲಕ ಔಷಧಿ ಕೊಟ್ಟರು. ಆಮೇಲೆ ಮನೆಯಲ್ಲಿ ಮಾತ್ರೆ. ನೋವು ಹೋಯಿತೆಂದು ಎಲಾದಿಯಾ ಮಾತ್ರೆ ಬಿಡಲು ಹೊರಟಾಗ ಗದರಿದವಳು ಅತ್ತೆಯೇ.

ಮೂರನೇ ತಿಂಗಳು ಎಲಾದಿಯಾ ಕಲ್ಲಿನ ಮುಂದೆ ಎರಡೂ ಮಂಡಿಯೂರಿ ಕೂತಳು. ಅರೆಯುವ ಸದ್ದು ಬೀದಿಗೆಲ್ಲ ಕೇಳಿತು. ಪೆತ್ರೋನಾಳ ಖುಷಿಗೆ ಪಾರವೇ ಇರಲಿಲ್ಲ. ಮೊದಲ ಬುಟ್ಟಿ ರೊಟ್ಟಿಯನ್ನು ಮನೆಮನೆಗೆ ಹಂಚಿ ಬಂದಳು. ಈಗಲೂ ಅವಳು ಉಳುಕು ತೆಗೆಯುತ್ತಾಳೆ. ಆದರೆ ಮೊದಲು ಕೈಯಿಟ್ಟು ನೋಡುತ್ತಾಳೆ. ಸುಡುವ ಕೀಲು ಕಂಡರೆ, “ಇದು ನನ್ನ ಕೆಲಸ ಅಲ್ಲ, ನಡಿ ಆಸ್ಪತ್ರೆಗೆ,” ಎನ್ನುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರದಾದರೂ ಕೀಲು ದಿಢೀರನೆ ಊದಿ, ಬಿಸಿಯಾಗಿ, ಮಡಚಲಾರದಷ್ಟು ನೋಯುತ್ತಿದ್ದರೆ ಜ್ವರ ಬರಲೆಂದು ಕಾಯಬೇಡಿ. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಎಣ್ಣೆ ಬಟ್ಟಲು ಎಲ್ಲಿಗೂ ಓಡಿಹೋಗುವುದಿಲ್ಲ. ಕೀಲು ಮಾತ್ರ ನಿಮಗಾಗಿ ಕಾಯುವುದಿಲ್ಲ.