ಕೊನೆಯ ಅಕ್ಷರ

ಗುರುವಾರ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ, ಲೀಕ್ಸ್‌ಲಿಪ್ ಎಂಬ ಐರಿಷ್ ಪಟ್ಟಣದ ಒಂದು ಚರ್ಚಿನಲ್ಲಿ, ಮೂವತ್ತು ಮಕ್ಕಳ ಪೈಕಿ ಇಪ್ಪತ್ತೊಂಬತ್ತು ಮಕ್ಕಳು ‘ಐ ಡು’ ಎಂದರು. ಸೋನಲ್ ಅನ್ನಲಿಲ್ಲ.

ಅದು ದೃಢೀಕರಣ ಸಂಸ್ಕಾರದ ರಿಹರ್ಸಲ್. ಸಂಸ್ಕಾರ ಇದ್ದದ್ದು ಶನಿವಾರ. ದೇವರನ್ನು ನಂಬುತ್ತೀಯಾ ಎಂದು ಬಿಷಪ್ ಕೇಳುತ್ತಾರೆ. ಕೂಸಾಗಿದ್ದಾಗ ಜ್ಞಾನಸ್ನಾನದಲ್ಲಿ ತಂದೆತಾಯಿ ಕೊಟ್ಟಿದ್ದ ಉತ್ತರವನ್ನು ಹನ್ನೆರಡರ ವಯಸ್ಸಿನಲ್ಲಿ ಮಕ್ಕಳೇ ಕೊಡಬೇಕು. ಫಾದರ್ ಡೆಕ್ಲನ್ ಇನ್ನೊಮ್ಮೆ ಕೇಳಿದರು. ಸೋನಲ್ ಇನ್ನೊಮ್ಮೆ ಸುಮ್ಮನಿದ್ದಳು.

ಫಾದರ್ ಅವಳ ತಂದೆ ಆಂಥನಿಗೆ ಫೋನ್ ಮಾಡಿದರು. ಆಂಥನಿ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಟೆಕ್ನಿಶಿಯನ್. ಹಾಸನದ ಕಡೆಯ ಕ್ಯಾಥೊಲಿಕ್ ಮನೆತನದವನು, ಭಾನುವಾರದ ಪೂಜೆಯಲ್ಲಿ ಬೈಬಲ್ ವಾಚನ ಓದುವವನು. ಮೊಮ್ಮಗಳ ಸಂಸ್ಕಾರ ನೋಡಲೆಂದೇ ಅವನ ತಾಯಿ ತೆರೇಸಮ್ಮ ಊರಿಂದ ಬಂದಿದ್ದರು. ಅಂದಿನ ಪಾರ್ಟಿಗೆ ಹಿತ್ತಲಿಗೆ ಬೌನ್ಸಿ ಕ್ಯಾಸಲ್, ಮಕ್ಕಳು ಕುಣಿಯುವ ಗಾಳಿ ತುಂಬಿದ ಕೋಟೆ, ಬುಕ್ ಆಗಿತ್ತು.

“ಮುಂದಿನ ವರ್ಷವೂ ಆಗುತ್ತದೆ,” ಎಂದರು ಫಾದರ್. “ಅವಳ ಪರವಾಗಿ ನಾನು ಹೇಳುವ ಹಾಗಿಲ್ಲ. ಈ ಸಲ ನೀವೂ ಹೇಳುವ ಹಾಗಿಲ್ಲ.”

ಹೆಂಡತಿ ರೋಸಿ ಆಸ್ಪತ್ರೆಯ ಡ್ಯೂಟಿಯಲ್ಲಿದ್ದಳು. ಆಂಥನಿ ಅಡುಗೆಮನೆಯಲ್ಲೇ ವಿಚಾರಣೆ ಶುರುಮಾಡಿದ.

“ಎರಡು ಪದ. ಎರಡು ಪದ ಹೇಳಕ್ಕೆ ನಿಂಗೇನು ಕಷ್ಟ?”

“ಇಟ್ಸ್ ನಾಟ್ ಟ್ರೂ, ಡ್ಯಾಡ್.”

“ಯಾವುದು ನಿಜ ಅಲ್ಲ? ನಮ್ಮ ಮುತ್ತಜ್ಜನ ಕಾಲದಿಂದ ನಾವು ಕ್ರೈಸ್ತರು. ನಿನ್ನ ಕ್ಲಾಸಿನ ಅರ್ಧ ಜನ ಕ್ರಿಸ್‌ಮಸ್ ಬಿಟ್ರೆ ಚರ್ಚಿನ ಮುಖ ನೋಡಿಲ್ಲ, ಅವರೇ ಹೇಳ್ತಾರೆ!”

“ಅವ್ರು ಬೌನ್ಸಿ ಕ್ಯಾಸಲ್‌ಗೋಸ್ಕರ ಹೇಳ್ತಾರೆ.”

ತೆರೇಸಮ್ಮನಿಗೆ ನಗು ಬಂತು. ಆಂಥನಿಗೆ ಬರಲಿಲ್ಲ.

“ಮನೇಲಿ ದಿನಾ ಸಂಜೆ ಜಪದಲ್ಲಿ ಹೇಳ್ತೀಯಲ್ಲ?”

ಸೋನಲ್ ತಪ್ಪುತಪ್ಪಾಗಿ ಕನ್ನಡದಲ್ಲೇ ಉತ್ತರಿಸಿದಳು. ಅದು ಅಪರೂಪ. “ಮನೇಲಿ ನಾವು ‘ವಿಶ್ವಾಸಿಸುತ್ತೇವೆ’ ಅಂತೀವಿ. ಲಾಸ್ಟಲ್ಲಿ ವೆ. ಅದ್ರಲ್ಲಿ ಎಲ್ಲಾರೂ ಇದಾರೆ, ನಾನು ಹಿಂದೆ ನಿಂತ್ಕೋಬಹುದು. ‘ಐ ಡು’ ಅಂದ್ರೆ ನೆ. ವಿಶ್ವಾಸಿಸುತ್ತೇ-ನೆ. ನಾನು ಒಬ್ಳೇ. ಅದು ನಂಗೆ ಇನ್ನೂ ಗೊತ್ತಿಲ್ಲ.”

ಆಂಥನಿ ಕಪಾಟಿನಿಂದ ಪ್ರಾರ್ಥನಾ ಪುಸ್ತಕ ತೆಗೆದು ನೋಡಿದ. ಅಚ್ಚಾಗಿದ್ದದ್ದು ‘ವಿಶ್ವಾಸಿಸುತ್ತೇನೆ’. ಅವನಿಗೆ ಪ್ರಾರ್ಥನೆ ಕಲಿಸಿದ್ದು ತಾಯಿ. ಅವರ ಕಡೆ ತಿರುಗಿದ.

“ಗೊತ್ತು ಕಣೋ,” ಎಂದರು ತೆರೇಸಮ್ಮ. “ಮದುವೆಯಾಗಿ ಬಂದಾಗ ಮನೇಲಿ ಹನ್ನೊಂದು ಜನ. ಜಪ ನಡೆಸು ಅಂದ್ರು. ಅಷ್ಟು ಜನರ ಮುಂದೆ ‘ನಾನು’ ಅನ್ನಕ್ಕೆ ಹೆದರಿಕೆ ಆಯ್ತು, ‘ವೆ’ ಅಂದ್ಬಿಟ್ಟೆ. ಐವತ್ತೊಂದು ವರ್ಷ. ಒಬ್ರೂ ಯಾಕೆ ಅಂತ ಕೇಳ್ಲಿಲ್ಲ.”

ಏಳು ಗಂಟೆಗೆ ಎಂದಿನಂತೆ ಪ್ರಾರ್ಥನೆಗೆ ಕೂತರು. ಮೇ ತಿಂಗಳು, ಹೊರಗೆ ಇನ್ನೂ ಬಿಸಿಲು. ವಿಶ್ವಾಸ ಪ್ರಮಾಣದ ಮೊದಲ ಸಾಲಿಗೆ ಬಂದ ತೆರೇಸಮ್ಮ ನಿಲ್ಲಿಸಿದರು. ಮೇಜಿಗೆ ಕೈಯೂರಿ ಎದ್ದುನಿಂತರು.

“ದೇವರನ್ನು ವಿಶ್ವಾಸಿಸುತ್ತೇ…” ಎಂದರು. ಫ್ರಿಜ್ಜಿನ ಸದ್ದು ಕೇಳುತ್ತಿತ್ತು. “…ನೆ.”

ಅದು ಜಪದ ರಾಗವಾಗಿರಲಿಲ್ಲ. ಎದುರಿಗೆ ನಿಂತವರಿಗೆ ಹೇಳುವಷ್ಟೇ ಮೆಲ್ಲಗೆ ಹೇಳಿದ್ದರು. ಯಾರು ನಿಂತಿದ್ದಾರೆ ಎಂದು ಆಂಥನಿ ಅರಿವಿಲ್ಲದೆ ತಿರುಗಿ ನೋಡಿದ. ಸಿಂಕಿನ ನಲ್ಲಿಯ ಮೇಲೆ ಬಿಸಿಲಿತ್ತು, ಬೇರೇನೂ ಇರಲಿಲ್ಲ. ಆದರೂ ಅವನಿಗೆ ಕೂತಿರಲಾಗಲಿಲ್ಲ, ಎದ್ದ. ಸೋನಲ್ ಆಗಲೇ ಎದ್ದು ನಿಂತಿದ್ದಳು, ಬಾಯಿ ಸ್ವಲ್ಪ ತೆರೆದು, ಅಜ್ಜಿಯನ್ನು ಆ ಸಂಜೆಯೇ ಮೊದಲ ಸಲ ಕಂಡವಳಂತೆ.

ಮುಂದಿನ ಸರದಿ ಆಂಥನಿಯದು.

“ವಿಶ್ವಾಸಿಸುತ್ತೇ,” ಎಂದ. ಕೊನೆಯ ಅಕ್ಷರ ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದ. ಹದಿನೈದು ವರ್ಷ ಮೈಕಿನ ಮುಂದೆ ಓದಿದ ಗಂಟಲು ಅದು. ಯಾರೂ ಹೇಳಿಕೊಡಲಿಲ್ಲ.

ಸೋನಲ್ ಅವನ ಕೈ ಹಿಡಿದಳು. “ಇಟ್ಸ್ ಗ್ರ್ಯಾಂಡ್, ಡ್ಯಾಡ್,” ಎಂದಳು, ಪರವಾಗಿಲ್ಲ ಎನ್ನಲು ಅಲ್ಲಿಯವರು ಹೇಳುವ ಹಾಗೆ.

ಶನಿವಾರ ಇಪ್ಪತ್ತೊಂಬತ್ತು ಮಕ್ಕಳಿಗೆ ದೃಢೀಕರಣವಾಯಿತು. ಸೋನಲ್ ಮೂರನೆಯ ಸಾಲಿನಲ್ಲಿ ಅಜ್ಜಿಯ ಪಕ್ಕ ಕೂತು ನೋಡಿದಳು. ಭಾನುವಾರದ ವಾಚನಕ್ಕೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಆಂಥನಿ ಫಾದರ್‌ಗೆ ಮೆಸೇಜ್ ಕಳಿಸಿದ. ಭಾನುವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಚರ್ಚಿಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತ.