ಚೊಂಬಿನ ತಳದ ಕೆಮ್ಮಣ್ಣು

ಕಾಡುಗೋಡಿಯಿಂದಾಚೆ, ಅಪಾರ್ಟ್‌ಮೆಂಟುಗಳ ಸಾಲು ಮುಗಿದು ನೀಲಗಿರಿ ತೋಪು ಶುರುವಾಗುವಲ್ಲಿ, ಹನುಮಂತರಾಯಪ್ಪನ ಸ್ವಂತದ್ದೊಂದು ಪುಟ್ಟ ಅಣೆಕಟ್ಟಿದೆ. ಸೊಪ್ಪು ತರಕಾರಿಗೆ ನೀರು ಬೇಕೆಂದು ಇಪ್ಪತ್ತು ವರ್ಷದ ಹಿಂದೆ ಹಳ್ಳಕ್ಕೆ ಅಡ್ಡಲಾಗಿ ಹಾಕಿಸಿದ ಮಣ್ಣಿನ ಏರಿ ಅದು. ಈಗ ಸೊಪ್ಪೂ ಇಲ್ಲ, ತರಕಾರಿಯೂ ಇಲ್ಲ. ನೀರಿನ ಮೇಲೆ ಬಾತುಕೋಳಿ ಆಕಾರದ ಆರು ದೋಣಿಗಳಿವೆ, ಪಕ್ಕದ ದಿಬ್ಬದ ಮೇಲೊಂದು ಪಾರ್ಟಿ ಹಾಲ್ ಇದೆ. ವಾರದ ಕೊನೆಗೆ ಕಂಪನಿ ಕೆಲಸದವರು ಬಂದು ಪೆಡಲ್ ತುಳಿದು ಹೋಗುತ್ತಾರೆ. ಏರಿಯ ಕೆಳಗೆ ಹನುಮಂತರಾಯಪ್ಪನೇ ಕಟ್ಟಿಸಿದ ಎಂಟು ಬಾಡಿಗೆ ಮನೆಗಳಿವೆ.

ಈ ಮಳೆಗಾಲದಲ್ಲಿ ಏರಿಯ ಬುಡದಲ್ಲಿ, ಆ ಮನೆಗಳ ಕಡೆಗೆ, ಒಂದು ಸಣ್ಣ ಬುಗ್ಗೆ ಎದ್ದಿತು. ಮೊದಲು ಕಂಡವಳು ಹನುಮಂತರಾಯಪ್ಪನ ಹೆಂಡತಿ ಚಿಕ್ಕಮುನಿಯಮ್ಮ. ಕಂಡವಳೇ ಕೈ ಮುಗಿದಳು. ಸಾವಿರ ಅಡಿ ಕೊರೆದರೂ ಧೂಳೇಳುವ ಸೀಮೆಯಲ್ಲಿ ನೀರು ತಾನಾಗಿ ಉಕ್ಕಿದರೆ ಗಂಗಮ್ಮ ಬಂದಳೆನ್ನದೆ ಇನ್ನೇನೆನ್ನಬೇಕು? ಮೂರು ಕಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿದಳು. ವಾರ ವಾರ ಪೂಜೆ ಮಾಡಿ, ಹಿತ್ತಾಳೆ ಚೊಂಬಿನಲ್ಲಿ ಆ ನೀರು ತಂದು ಎಂಟೂ ಮನೆಗಳ ಹೊಸ್ತಿಲಿಗೆ ಚಿಮುಕಿಸುತ್ತಿದ್ದಳು. ನಗಬೇಡಿ. ಅವಳ ಜಾಗದಲ್ಲಿ ನೀವಿದ್ದರೂ ಕೈ ಮುಗಿಯುತ್ತಿದ್ದಿರಿ.

ಒಂದು ಭಾನುವಾರ ಬೆಳಿಗ್ಗೆ ದೋಣಿ ವಿಹಾರಕ್ಕೆ ಬಂದಿದ್ದ ರಕ್ಷಿತಾ ಎಂಬ ಹುಡುಗಿ, ಪೂಜೆಗೆ ಹೊರಟ ಚಿಕ್ಕಮುನಿಯಮ್ಮನ ಹಿಂದೆಯೇ ಏರಿ ಇಳಿದು ಬಂದಳು. ಊರು ರಾಯಚೂರು ಕಡೆ, ವಾಸ ಇಲ್ಲೇ ಅಪಾರ್ಟ್‌ಮೆಂಟಿನಲ್ಲಿ. ಕೆರೆ ಕಾಲುವೆ ರಿಪೇರಿ ಮಾಡಿಸುವ ಎಂಜಿನಿಯರ್.

"ಅಮ್ಮಾ, ಈ ನೀರು ಎಷ್ಟು ದಿನದಿಂದ ಬರ್ತದ್ರೀ?"

"ಎಲ್ಡು ತಿಂಗ್ಳಾಯ್ತು ಕಣವ್ವ. ಮೊದ್ಲು ಕಿರುಬೆಳ್ಳಷ್ಟು ದಪ್ಪ ಇತ್ತು. ಈಗ ನೋಡು, ನನ್ನ ಮುಂಗೈಯಷ್ಟಾಗೈತೆ. ತಾಯಿ ಒಲೀತಾವ್ಳೆ."

ರಕ್ಷಿತಾಳ ಮುಖ ಬಾಡಿತು. "ಸಿಟ್ಟಾಗಬ್ಯಾಡ್ರಿ. ಇದು ಮ್ಯಾಲಿನ ನೀರೇ ರೀ. ಏರಿಯೊಳಗ ದಾರಿ ಮಾಡ್ಕೊಂಡು ಬರ್ಲಿಕ್ಕತ್ತದ. ತಿಳಿನೀರು ಬಂದ್ರ ಕಣ್ಣಿಡಬೇಕು. ಮಣ್ಣು ತಂದ್ರ ಮಾತ್ರ ಒಂದು ಗಳಿಗೀನೂ ತಡ ಮಾಡಬಾರ್ದು. ಚೊಂಬು ತುಂಬಿಸಿ, ಅಲ್ಲಾಡಿಸದ ಅರ್ಧ ತಾಸು ಇಡ್ರಿ. ನೀವೇ ನೋಡೀರಂತ."

ದೇವರನ್ನೇ ಪರೀಕ್ಷೆ ಮಾಡು ಅಂತಾಳಲ್ಲ ಎಂದು ಚಿಕ್ಕಮುನಿಯಮ್ಮನಿಗೆ ಕೋಪ ಬಂತು. ಆದರೂ ಚೊಂಬು ತುಂಬಿಸಿಟ್ಟಳು.

ಅಷ್ಟರಲ್ಲಿ ಹನುಮಂತರಾಯಪ್ಪ ಬಂದ. ವಿಷಯ ಕೇಳಿ ನಕ್ಕ. "ಇಪ್ಪತ್ತು ವರ್ಸದಿಂದ ನಿಂತಿರೋ ಏರಿ ಮೇಡಂ. ಒಂದ್ ಮೂಟೆ ಸಿಮೆಂಟ್ ಮೆತ್ತುದ್ರೆ ನಿಂತೋಯ್ತದೆ ಬಿಡಿ."

"ಹೊರಗ ಬಾಯಿ ಮುಚ್ಚಿದ್ರ ನೀರು ಒಳಗ ಬ್ಯಾರೆ ದಾರಿ ಹುಡುಕ್ತದ ಯಜಮಾನ್ರ. ಆಮ್ಯಾಲೆ ನಮ್ಮ ಕಣ್ಣಿಗೂ ಕಾಣೂದಿಲ್ಲ. ಹೆಚ್ಚಾದ ನೀರು ಹೋಗೋ ಕೋಡಿ ಎಲ್ಲದ?"

ಹನುಮಂತರಾಯಪ್ಪ ಆಕಾಶ ನೋಡಿದ. ಕೋಡಿಗೆ ಎರಡು ವರ್ಷದ ಹಿಂದೆಯೇ ಸಿಮೆಂಟ್ ಇಟ್ಟಿಗೆ ಜೋಡಿಸಿ ಮುಚ್ಚಿಸಿದ್ದ. ನೀರು ದೋಣಿ ಹತ್ತುವ ಮೆಟ್ಟಿಲ ತನಕ ನಿಂತರೆ ಫೋಟೋ ಚೆನ್ನಾಗಿ ಬರುತ್ತದೆ ಎಂದು ಬಂದವರೆಲ್ಲ ಹೇಳುತ್ತಿದ್ದರು, ಅದಕ್ಕೆ.

ಅರ್ಧ ಗಂಟೆಯಾಯಿತು. ಚಿಕ್ಕಮುನಿಯಮ್ಮ ಮೇಲಿನ ನೀರನ್ನು ಮೆಲ್ಲಗೆ ಬಗ್ಗಿಸಿದಳು. ಚೊಂಬಿನ ತಳದಲ್ಲಿ ಒಂದು ಪದರ ಕೆಮ್ಮಣ್ಣು ಕೂತಿತ್ತು. ಬೆರಳಲ್ಲಿ ತೆಗೆದು ಉಜ್ಜಿ ನೋಡಿದಳು.

"ಇದು ಅಳ್ಳದ ಮಣ್ಣಲ್ಲ ಕಣ್ರೀ. ಅಳ್ಳದ್ದು ಕರೀದು. ಇದು ಗುಡ್ಡದ ಮಣ್ಣು. ಏರಿ ಆಕುವಾಗ ನಾನೇ ಮಂಕ್ರೀಲಿ ತಲೆ ಮೇಲೆ ಒತ್ತಿದ್ದೆ. ನಮ್ ಏರಿ ಕರಗೋಯ್ತಾ ಐತೆ!"

"ಮುಂದಿನ್ ವಾರ ಎಲ್ಡು ಬರ್ತ್‌ಡೇ ಬುಕ್ ಆಗವೆ ಕಣೇ. ಅದೊಂದು ಮುಗೀಲಿ..."

"ಮೂರ್ನೇ ಮನೇಲಿ ಸೊಣ್ಣಮ್ಮ ಬಾಣಂತಿ. ಏರಿ ಒಡೆದ್ರೆ ಆ ಅಸುಗೂಸು ಎತ್ಕೊಂಡು ಎಲ್ಲಿಗೆ ಓಡ್ತಾಳೆ? ಒಳ್ಳೇದಾಗ್ಲಿ ಅಂತ ಅವಳ ಒಸ್ತಿಲಿಗೆ ಇದೇ ನೀರು ಚಿಮುಕಿಸ್ದೆನಲ್ರೀ ನಾನು!" ಎಂದು ಚಿಕ್ಕಮುನಿಯಮ್ಮ ಅಲ್ಲೇ ಕುಸಿದು ಕೂತು ಅತ್ತಳು.

ಹೆಂಡತಿ ಅತ್ತದ್ದನ್ನು ಹನುಮಂತರಾಯಪ್ಪ ಅಷ್ಟಾಗಿ ಕಂಡವನಲ್ಲ. ಕೆಳಗಿನ ಮನೆಗಳನ್ನು ನೋಡಿದ. ಮೂರನೆಯ ಮನೆಯ ಮುಂದೆ ಹಗ್ಗದ ಮೇಲೆ ಮಗುವಿನ ಬಟ್ಟೆ ಒಣಗುತ್ತಿತ್ತು. "ಈಗೇನ್ ಮಾಡ್ಬೇಕು ಮೇಡಂ?" ಎಂದು ರಕ್ಷಿತಾಳ ಕಡೆ ತಿರುಗಿದ.

ಮೊದಲು ಎಂಟೂ ಮನೆಯವರು ದಿಬ್ಬದ ಮೇಲಿನ ಪಾರ್ಟಿ ಹಾಲ್‌ಗೆ ಹೋದರು. ಸೊಣ್ಣಮ್ಮನ ಕೂಸನ್ನು ಚಿಕ್ಕಮುನಿಯಮ್ಮನೇ ಎತ್ತಿಕೊಂಡಳು. ದೋಣಿಗಳು ದಡಕ್ಕೆ ಬಂದವು. ಪಂಚಾಯಿತಿಗೂ ತಹಸೀಲ್ದಾರರ ಕಚೇರಿಗೂ ಫೋನ್ ಹೋಯಿತು. ಕೋಡಿಯ ಇಟ್ಟಿಗೆಗಳನ್ನು ಒಂದೊಂದೇ ಸಾಲಾಗಿ ಬಿಚ್ಚಿದರು. ಒಮ್ಮೆಲೇ ಬಿಚ್ಚಿದರೆ ಕೆಳಗಿನವರಿಗೆ ಅದೇ ಇನ್ನೊಂದು ಆಪತ್ತು. ಮಧ್ಯಾಹ್ನ ಬಂದ ಸರ್ಕಾರಿ ಎಂಜಿನಿಯರುಗಳು ತೂಬು ತೆರೆಸಿ, ನೀರನ್ನು ದಿನಕ್ಕಿಷ್ಟೆಂದು ಇಳಿಸಿದರು.

ಆಮೇಲೆ ಏರಿ ಅಗೆದು ನೋಡಿದರೆ, ನೆರಳಿಗೆಂದು ಏರಿಯ ಮೇಲೆ ನೆಟ್ಟು, ದೊಡ್ಡದಾಯಿತೆಂದು ಕಡಿದಿದ್ದ ಮರದ ಬೇರು ಒಳಗೇ ಕೊಳೆತು ಕೊಳವೆಯಾಗಿತ್ತು. ಹನುಮಂತರಾಯಪ್ಪ ಕೈ ಹಾಕಿದ. ಮೊಣಕೈ ದಾಟಿ ಹೋಯಿತು. ಆ ಭಾಗವನ್ನು ಪೂರ್ತಿ ಅಗೆದು, ಹೊಸ ಮಣ್ಣು ಹಾಕಿ ಗಟ್ಟಿ ಮಾಡಿದರು.

ಬರ್ತ್‌ಡೇಗಳು ರದ್ದಾದವು. ಆ ಪಾರ್ಟಿ ಹಾಲ್‌ನಲ್ಲಿ ಸೊಣ್ಣಮ್ಮನ ಮಗುವಿಗೆ ನಾಮಕರಣವಾಯಿತು. ಮೂರು ಕಲ್ಲುಗಳು ಈಗ ಕೋಡಿಯ ಪಕ್ಕದಲ್ಲಿವೆ. "ತಾಯಿ ಓಗೋ ಬಾಗ್ಲು ಇದು. ನಾವೇ ಮುಚ್ಚಿ ಕೂತಿದ್ವು," ಎನ್ನುತ್ತಾಳೆ ಚಿಕ್ಕಮುನಿಯಮ್ಮ. ಸೋಮವಾರ ಸೋಮವಾರ, ಎಲ್ಲಾದರೂ ನೀರು ಜಿನುಗಿ ಮಣ್ಣು ತರುತ್ತಿದೆಯೇ ಎಂದು ನೋಡಲು, ಚೊಂಬು ಹಿಡಿದು ಏರಿಯ ಬುಡಕ್ಕೆ ಇಳಿಯುವವನು ಹನುಮಂತರಾಯಪ್ಪ. ಆಳನ್ನು ಕಳಿಸುವುದಿಲ್ಲ, ತಾನೇ ಹೋಗುತ್ತಾನೆ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ತೋಟದಲ್ಲಿ, ರೆಸಾರ್ಟಿನಲ್ಲಿ ಇಂಥದ್ದೊಂದು ಕಟ್ಟೆಯಿದ್ದರೆ ಅದು ನಿಮ್ಮ ಸ್ವಂತದ್ದೇ ಇರಬಹುದು. ಆದರೆ ಅದು ಒಡೆದರೆ ಹೋಗುವ ಜೀವಗಳು ನಿಮ್ಮ ಸ್ವತ್ತಲ್ಲ. ಕೋಡಿಯನ್ನು ಎಂದೂ ಮುಚ್ಚಬೇಡಿ. ಏರಿಯ ಮೇಲೆ ಮರ ಬೆಳೆಸಬೇಡಿ. ಇಲಿ ಹೆಗ್ಗಣದ ಬಿಲ, ಬಿರುಕು, ಕುಸಿತ ಕಂಡರೆ ಎಂಜಿನಿಯರಿಗೆ ತೋರಿಸಿ. ಬುಡದಲ್ಲಿ ಮಣ್ಣು ಬೆರೆತ ನೀರು ಬಂದರೆ ಮೊದಲು ಕೆಳಗಿನವರನ್ನು ಎಬ್ಬಿಸಿ, ಆಮೇಲೆ ಫೋನ್ ಮಾಡಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದು ಬೇಡ.

ಈ ವಾರವೇ ಒಮ್ಮೆ ಏರಿಯ ಬುಡಕ್ಕೆ ಇಳಿದು ಬನ್ನಿ. ಹೋಗುವಾಗ ಕೈಯಲ್ಲೊಂದು ಚೊಂಬಿರಲಿ.