ರಿಪೇರಿ ತಕ್ಕಡಿಯ ಮೇಲೆ ನಿಂತ ಜಿಂಕೆ

ನಮ್ಮ ಬೀದಿಯ ಜಿಂಕೆ ಎಂದರೆ ತಕ್ಕಡಿ ರಿಪೇರಿಯವರ ಮಗಳು. ಹೈಸ್ಕೂಲು ಓದುತ್ತಾಳೆ. ಅವಳು ಓಡುವುದನ್ನು ನೋಡಿದವರು ಬೇರೆ ಹೆಸರಿನಿಂದ ಕರೆಯುವುದಿಲ್ಲ. ಶಾಲೆಯ ರಿಲೇ ತಂಡದಲ್ಲಿ ಕೊನೆಯ ಓಟ ಅವಳದೇ. ಅಂಥ ಹುಡುಗಿ ಒಂದು ದಿನ ಅಭ್ಯಾಸದ ಮಧ್ಯೆ ತಲೆ ಸುತ್ತಿ ಮೈದಾನದಲ್ಲೇ ಕುಳಿತುಬಿಟ್ಟಳು. ಸ್ವಲ್ಪ ದಿನ ಬಿಟ್ಟು ಮತ್ತೆ ಅದೇ ಆಯಿತು.

ಪಿ.ಟಿ. ಮೇಷ್ಟ್ರು ಖಡಾಖಂಡಿತವಾಗಿ ಹೇಳಿದರು. "ಇನ್ನೊಂದ್ ಸಲ ಹೀಗಾದ್ರೆ ಕೊನೇ ಓಟ ಬೇರೆಯವಳಿಗೆ ಕೊಡ್ತೀನಿ. ಬಹುಮಾನದ ಕಪ್ಪು ಹೋದ್ರೆ ಹೋಗ್ಲಿ, ನಿನ್ನ ಜೀವಕ್ಕೆ ಏನಾದ್ರೂ ಆದ್ರೆ?"

ಜಿಂಕೆ ಮೂಗು ಕೆಂಪಗೆ ಮಾಡಿಕೊಂಡು ಮನೆಗೆ ಬಂದಳು. ಅಂತರ್‌ಶಾಲಾ ಓಟಕ್ಕೆ ಇನ್ನು ಹೆಚ್ಚು ದಿನ ಇರಲಿಲ್ಲ.

ನಾನು ಎದುರಿನ ಇಸ್ತ್ರಿ ಅಂಗಡಿಯವಳು. ನನ್ನ ಕಣ್ಣು ತಪ್ಪಿಸಿ ಈ ಬೀದಿಯಲ್ಲಿ ಒಂದು ನೊಣವೂ ಹಾರುವುದಿಲ್ಲ ಎಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ನನಗೇನು? ಹುಡುಗಿ ಬೆಳಿಗ್ಗೆ ತಿಂಡಿ ಬಿಟ್ಟು, ಒಂದು ಲೋಟ ಹಸಿರು ನೀರು ಕುಡಿದು ಶಾಲೆಗೆ ಹೋಗುತ್ತಿದ್ದುದನ್ನು ಮೊದಲು ನೋಡಿದವಳು ನಾನೇ.

"ಏನಮ್ಮಾ ಅದು, ಕೆರೆ ನೀರಿನ ಬಣ್ಣ?" ಎಂದು ಅವಳ ಅಮ್ಮನನ್ನು ಕೇಳಿದ್ದೆ.

"ತೂಕ ಇಳಿಸೋ ಪುಡಿ ಅಕ್ಕಾ. ಫೋನಲ್ಲಿ ನೋಡಿ ತರಿಸಿದ್ವಿ. ಹಗುರ ಆದ್ರೆ ಇನ್ನೂ ಜೋರಾಗಿ ಓಡ್ತಾಳಂತೆ."

"ಇವಳಿಗೆ ಇಳಿಸೋಕೆ ಎಲ್ಲಿದೆ ತೂಕ? ಗಾಳಿ ಬಂದ್ರೆ ನಾನೇ ಬಾಗಿಲು ಹಾಕ್ಕೋಬೇಕು ಅನ್ಸುತ್ತೆ, ಎಲ್ಲಿ ಹಾರಿ ಬರ್ತಾಳೋ ಅಂತ."

"ನಿಮಗೆ ಗೊತ್ತಾಗಲ್ಲ ಬಿಡಿ. ದಿನಾ ತೂಕ ನೋಡ್ಕೋತಾಳೆ. ಇಳೀತಾ ಇದೆ. ಸುಳ್ಳಾಗಿದ್ರೆ ಇಳೀತಿತ್ತಾ?"

ತೂಕದ ಮನೆಯವರೇ ತೂಕದ ಮಾತು ಹೇಳಿದ ಮೇಲೆ ನಾನು ಏನು ಹೇಳಲಿ? ಇಸ್ತ್ರಿ ಪೆಟ್ಟಿಗೆ ಕೈಗೆತ್ತಿಕೊಂಡೆ.

ಅದು ವರ್ಷಕ್ಕೊಮ್ಮೆ ಬರುವ ಮುದ್ರೆಯ ಕಾಲ. ಅಂಗಡಿಗಳ ತಕ್ಕಡಿಗಳನ್ನು ಅಧಿಕಾರಿಗಳು ಪರೀಕ್ಷಿಸಿ ಮುದ್ರೆ ಒತ್ತುತ್ತಾರೆ. ಅದಕ್ಕೂ ಮೊದಲು ಅವೆಲ್ಲ ರಿಪೇರಿಗೆ ಬರುತ್ತವೆ. ಜಿಂಕೆಯ ಮನೆಯ ಮುಂಭಾಗವೇ ಅವಳ ಅಪ್ಪನ ಅಂಗಡಿ. ಬೇರೆ ದಿನಗಳಲ್ಲಿ ಸರಿಮಾಡಿದ ಯಂತ್ರಗಳು ಮಾತ್ರ ಬಾಗಿಲ ಬಳಿ ಇರುತ್ತಿದ್ದವು. ಈಗ ಒಳಗೆ ಕಾಲಿಡಲು ಜಾಗವಿಲ್ಲದೆ ಎಲ್ಲವೂ ಬಾಗಿಲಿಗೇ ಬಂದು ಬಿದ್ದಿದ್ದವು. ಹಣ್ಣಿನ ಅಂಗಡಿಯದು, ಗುಜರಿಯವನದು, ಔಷಧಿ ಅಂಗಡಿಯ ಮುಂದೆ ನಿಲ್ಲಿಸುವಂಥದ್ದು, ಯಾವುದಕ್ಕೂ ಲೆಕ್ಕವಿರಲಿಲ್ಲ.

ಆ ದಿನ ಆರೋಗ್ಯ ಕೇಂದ್ರದ ನರ್ಸಮ್ಮ ಮಕ್ಕಳ ತೂಕದ ಯಂತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. ನಾನೂ ಚಹಾದ ನೆಪದಲ್ಲಿ ಹಿಂದೆಯೇ ಹೋದೆ.

"ಅಣ್ಣಾ, ಇದನ್ನ ಬೇಗ ಸರಿಮಾಡಿ ಕೊಡಿ. ನಿನ್ನೆ ಒಂದ್ ಕೂಸು ಅಪ್ಪನಿಗಿಂತ ಹೆಚ್ಚು ತೂಗಿಬಿಡ್ತು," ಎಂದು ನಕ್ಕರು.

ಅಷ್ಟರಲ್ಲಿ ಜಿಂಕೆ ಶಾಲೆಯಿಂದ ಬಂದವಳು ಚೀಲವನ್ನೂ ಇಳಿಸದೆ, ಬಾಗಿಲ ಬಳಿಯ ಯಂತ್ರ ಹತ್ತಿ ನಿಂತು, "ಅಯ್ಯೋ! ನಾಲ್ಕು ಕೆಜಿ ಏರಿದೆ!" ಎಂದು ಕಿರುಚಿದಳು.

"ಚೀಲ ಇಳಿಸೇ ಮೊದ್ಲು," ಎಂದಳು ಅವಳ ಅಮ್ಮ.

ಇಳಿಸಿದಳು. ಆದರೂ ಹೆಚ್ಚೇ ಇತ್ತು. ಕಣ್ಣಲ್ಲಿ ನೀರು ತುಂಬಿತು. "ಬೆಳಿಗ್ಗೆ ಇಷ್ಟಿರ್ಲಿಲ್ಲ! ಮಧ್ಯಾಹ್ನ ಊಟಾನೂ ಮಾಡಿಲ್ಲ!"

ಅಪ್ಪ ತಲೆಯೆತ್ತಿದರು. "ನೀನು ದಿನಾ ತೂಕ ನೋಡ್ಕೊಂಡಿದ್ದು ಇದರ ಮೇಲಾ?"

"ಇದು ಇವತ್ತು ಬಂದಿದ್ದು. ಬೆಳಿಗ್ಗೆ ಬೇರೆ ಇತ್ತು. ಬಾಗಿಲ ಹತ್ರ ಯಾವುದಿರುತ್ತೋ ಅದರ ಮೇಲೆ."

"ಅಯ್ಯೋ ನನ್ನ ತಾಯಿ! ಇಲ್ಲಿರೋದೆಲ್ಲಾ ಸುಳ್ಳು ಹೇಳ್ತವೆ ಅಂತಾನೇ ಇಲ್ಲಿಗೆ ಬಂದಿರೋದು. ನಿಜ ಹೇಳೋ ತಕ್ಕಡಿ ನಮ್ಮ ಅಂಗಡೀಲಿ ಯಾಕೆ ಕೂತಿರುತ್ತೆ?"

ನನಗೆ ನಗು ತಡೆಯಲಾಗಲಿಲ್ಲ. ನಾನೂ ಸೆರಗು ಸಿಕ್ಕಿಸಿಕೊಂಡು ಒಂದೊಂದೇ ಯಂತ್ರ ಹತ್ತಿದೆ. ಗುಜರಿಯವನ ಯಂತ್ರದ ಮೇಲೆ ನಾನು ಶಾಲಾ ಹುಡುಗಿಯಷ್ಟು ತೆಳ್ಳಗಿದ್ದೆ. ಹಣ್ಣಿನ ಅಂಗಡಿಯದು ನನ್ನನ್ನು ಕುಂಬಳಕಾಯಿ ಮೂಟೆ ಮಾಡಿತು. "ನನಗೆ ಗುಜರಿಯವನದೇ ಇರ್ಲಿ," ಎಂದೆ. ಜಿಂಕೆ ಅಳುತ್ತಲೇ ನಕ್ಕಳು.

ಮೈದಾನದಲ್ಲಿ ತಲೆ ಸುತ್ತಿದ ವಿಷಯವನ್ನು ನಾನೇ ನರ್ಸಮ್ಮನ ಕಿವಿಗೆ ಹಾಕಿದೆ. ಅವರು ಜಿಂಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ತೂಕ ಯಾಕೆ ಇಳಿಸ್ಬೇಕು ಅನ್ಸಿತು ಪುಟ್ಟಾ?"

"ಹಗುರ ಇದ್ರೆ ತಾನೇ ಜೋರಾಗಿ ಓಡೋದು?"

"ಓಡೋದು ಯಾವುದು? ಕಾಲು. ಕಾಲಿನ ಮಾಂಸಕ್ಕೂ ತೂಕ ಇದೆ, ಮೂಳೆಗೂ ಇದೆ. ಅದನ್ನೂ ಇಳಿಸ್ಕೊಂಡು ಯಾವುದ್ರಲ್ಲಿ ಓಡ್ತೀಯಾ? ನಿನ್ನ ವಯಸ್ಸಲ್ಲಿ ಎತ್ತರ ಬೆಳೀತಾ ಇರುತ್ತೆ, ಜೊತೆಗೆ ತೂಕನೂ ಏರ್ಬೇಕು. ಏರದೇ ಇದ್ರೆ ನಾವು ಯೋಚನೆ ಮಾಡೋದು."

"ನನ್ನ ಗೆಳತಿ ನನಗಿಂತ ಕಮ್ಮಿ ಇದ್ದಾಳೆ."

"ಅವಳ ಎತ್ತರ ಬೇರೆ, ಮೈಕಟ್ಟು ಬೇರೆ. ಅವಳ ಚಪ್ಪಲಿ ನಿನ್ನ ಕಾಲಿಗೆ ಆಗುತ್ತಾ? ಸರಿಯಾದ ಯಂತ್ರದಲ್ಲೂ ಬೆಳಿಗ್ಗೆಗೂ ಸಂಜೆಗೂ ತೂಕ ಅಷ್ಟಿಷ್ಟು ಹೆಚ್ಚುಕಮ್ಮಿ ಆಗುತ್ತೆ. ನೀರು ಕುಡಿದ್ರೂ ಏರುತ್ತೆ. ದಿನಾ ಹತ್ತಿ ಇಳಿದು ತಲೆ ಕೆಡಿಸ್ಕೋಬಾರ್ದು."

ಅಮ್ಮ ಮಾತ್ರ ಇನ್ನೂ ಸೋಲಲಿಲ್ಲ. ಒಳಗೆ ಹೋಗಿ ಹಸಿರು ಪುಡಿಯ ಡಬ್ಬಿ ತಂದು ಕುಕ್ಕಿದಳು. "ಇಷ್ಟು ದೊಡ್ಡ ಜಾಹೀರಾತು ಕೊಟ್ಟಿದ್ದಾರೆ. ಎಷ್ಟು ಜನ ಒಳ್ಳೇದು ಅಂತ ಬರ್ದಿದ್ದಾರೆ. ಎಲ್ಲಾ ಸುಳ್ಳಾ?"

ನರ್ಸಮ್ಮ ಡಬ್ಬಿಯನ್ನು ಜಿಂಕೆಯ ಕೈಗೇ ಕೊಟ್ಟರು. "ನೀನೇ ಓದು. ಒಳಗೆ ಏನೇನು ಹಾಕಿದ್ದಾರೆ?"

ಜಿಂಕೆ ಡಬ್ಬಿಯನ್ನು ಸುತ್ತಲೂ ತಿರುಗಿಸಿದಳು. "'ಅಪರೂಪದ ಗಿಡಮೂಲಿಕೆ' ಅಂತಿದೆ. ಯಾವುದು ಅಂತಿಲ್ಲ."

"ತಯಾರಿಸಿದವರ ವಿಳಾಸ? ಪರವಾನಗಿ ಸಂಖ್ಯೆ? ಯಾವ ತಾರೀಕಿನವರೆಗೆ ಬಳಸ್ಬೇಕು ಅಂತ?"

"ಏನೂ ಇಲ್ಲ. ಒಬ್ಬಳು ಸುಂದರಿ ಫೋಟೋ ಇದೆ."

"ಸುಂದರಿಗೆ ದುಡ್ಡು ಕೊಟ್ರೆ ಯಾವ ಡಬ್ಬೀನ ಬೇಕಾದ್ರೂ ಹಿಡ್ಕೊಂಡು ನಗ್ತಾಳೆ. ಇಂಥ ಕೆಲವು ಪುಡಿಗಳಲ್ಲಿ ಭೇದಿ ಆಗೋ ಔಷಧಿ ಸೇರಿಸಿರ್ತಾರೆ. ಮೈಯಿಂದ ನೀರು ಹೋಗುತ್ತೆ, ಕೊಬ್ಬಲ್ಲ. ಊಟ ಬಿಟ್ಟು, ನೀರೂ ಹೋದ್ರೆ, ತಲೆ ಸುತ್ತದೆ ಇನ್ನೇನಾಗುತ್ತೆ?"

ಅಪ್ಪ ಮಗಳ ಕೈಯಿಂದ ಡಬ್ಬಿ ತೆಗೆದುಕೊಂಡರು.

"ಪರೀಕ್ಷೆ ಮಾಡದ ತಕ್ಕಡೀನ ನಾನು ಈ ಬಾಗಿಲು ದಾಟಿಸಲ್ಲ. ಒಳಗೇನಿದೆ ಅಂತ ಬರೀದೇ ಇರೋ ಡಬ್ಬೀನ ನನ್ನ ಮಗಳ ಹೊಟ್ಟೆ ತನಕ ಬಿಟ್ಟೆನಲ್ಲ!"

ಅಮ್ಮ ಮಗಳ ತಲೆ ಸವರಿ, ಸೀದಾ ಅಡುಗೆಮನೆಗೆ ಹೋದಳು. ಪಾತ್ರೆಗಳ ಸದ್ದು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಚಹಾ ಕೇಳುವುದನ್ನೇ ಮರೆತೆ.

ಮರುದಿನ ಆರೋಗ್ಯ ಕೇಂದ್ರದಲ್ಲಿ ಜಿಂಕೆಯ ರಕ್ತ ಪರೀಕ್ಷೆಯಾಯಿತು. ರಕ್ತ ಸ್ವಲ್ಪ ಕಮ್ಮಿ ಇತ್ತು. ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಊಟಕ್ಕೆ ದುಬಾರಿ ಸಾಮಾನು ಏನೂ ಬೇಕಾಗಲಿಲ್ಲ. ಬೆಳಿಗ್ಗೆ ಹೊಟ್ಟೆ ತುಂಬ ತಿಂಡಿ, ಮಧ್ಯಾಹ್ನದ ಡಬ್ಬಿಯಲ್ಲಿ ಅನ್ನ, ಬೇಳೆ, ಸೊಪ್ಪು ಇರುತ್ತಿತ್ತು. ಒಮ್ಮೆ ಮೊಟ್ಟೆ, ಒಮ್ಮೆ ನೆನೆಸಿದ ಕಾಳು. ಸಂಜೆ ಓಡಿ ಬಂದ ಮೇಲೆ ಹಾಲು, ಸಿಕ್ಕಿದ ಹಣ್ಣು. ಬಣ್ಣದ ಬಾಟಲಿ ಪಾನೀಯದ ಬದಲು ಚೀಲದಲ್ಲಿ ನೀರು. ಮೊದಮೊದಲು ಅರ್ಧಕ್ಕೇ ಏಳುತ್ತಿದ್ದಳು, ಆಮೇಲೆ ಅಪ್ಪನ ತಟ್ಟೆಗೂ ಕೈ ಹಾಕತೊಡಗಿದಳು. ಅಭ್ಯಾಸದಲ್ಲಿ ಮತ್ತೆ ಕುಸಿದು ಕೂರಲಿಲ್ಲ. ಮೇಷ್ಟ್ರು ಕೊನೆಯ ಓಟವನ್ನು ಅವಳಿಗೇ ಉಳಿಸಿದರು.

ಓಟದ ದಿನ ನಾನು ಅಂಗಡಿ ಮುಚ್ಚಿ ಹೋದೆ. ಗಿರಾಕಿಗಳು ಒಂದು ದಿನ ಸುಕ್ಕು ಬಟ್ಟೆ ಹಾಕಿಕೊಂಡರೆ ಯಾವ ಲೋಕ ಮುಳುಗುತ್ತದೆ? ಕೋಲು ಜಿಂಕೆಯ ಕೈಗೆ ಬಂದಾಗ ನಮ್ಮ ತಂಡ ಮೂರನೆಯದು. ತಿರುವಿನಲ್ಲಿ ಒಬ್ಬಳನ್ನು ದಾಟಿದಳು. ಅವಳ ಅಮ್ಮ ಕಣ್ಣು ಮುಚ್ಚಿಕೊಂಡು, "ಬಿದ್ಲಾ? ಬಿದ್ಲಾ?" ಎಂದು ನನ್ನ ತೋಳು ಹಿಂಡುತ್ತಿದ್ದಳು. "ಕಣ್ ಬಿಡೇ, ಹಾರ್ತಿದ್ದಾಳೆ!" ಎಂದು ನಾನು ಕೂಗಿದೆ. ಕೊನೆಯ ಗೆರೆಯ ಹತ್ತಿರ ಎದೆ ಮುಂದೆ ಚಾಚಿ ಇನ್ನೊಬ್ಬಳನ್ನೂ ಹಿಂದೆ ಹಾಕಿದಳು. ಗೆದ್ದೆವು!

ಮೇಷ್ಟ್ರು, ಗೆಳತಿಯರು ಎಲ್ಲರೂ ಮುತ್ತಿಕೊಂಡರು. ಜಿಂಕೆ ಅವರನ್ನೆಲ್ಲ ತಳ್ಳಿಕೊಂಡು ನಮ್ಮ ಕಡೆಗೇ ಓಡಿಬಂದಳು. ಅಪ್ಪ ಅಪ್ಪಿಕೊಳ್ಳಲು ಎರಡೂ ಕೈ ಚಾಚಿದರು. ಅವಳು ಅಪ್ಪನನ್ನು ದಾಟಿ ಅಮ್ಮನ ಚೀಲಕ್ಕೆ ಕೈ ಹಾಕಿದಳು. "ಅಮ್ಮಾ, ತಿನ್ನೋಕೆ ಏನಿದೆ? ಹಸಿವು ತಡೀತಾ ಇಲ್ಲ!"

ಅಮ್ಮ ಅಲ್ಲೇ ಅತ್ತುಬಿಟ್ಟಳು. ಕಪ್ಪಿಗೆ ಅಲ್ಲ, ಆ ಮಾತಿಗೆ.

ಓದುವ ಮಕ್ಕಳೇ, ನಿಮಗೊಂದು ಮಾತು. ಯಾರೋ ದಪ್ಪ ಎಂದರು, ಯಾರೋ ಕಡ್ಡಿ ಎಂದರು ಎಂದು ಊಟ ಬಿಡಬೇಡಿ. ತೂಕದ ಬಗ್ಗೆ ಅನುಮಾನ ಬಂದರೆ ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಿ, ಜಾಹೀರಾತನ್ನು ಕೇಳಬೇಡಿ. ಯಾವುದೇ ಡಬ್ಬಿ ಕೈಗೆ ಬಂದರೆ ಮುಂದಿನ ಚಿತ್ರ ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಿ. ಏನಿದೆ ಎಂದು ಬರೆಯದವರ ಸಾಮಾನನ್ನು ಬಾಯಿಗೆ ಇಡಬೇಡಿ. ಅಂದಹಾಗೆ, ಬೆಳಿಗ್ಗೆ ತಿಂಡಿ ತಿಂದಿದ್ದೀರಾ? ಇಲ್ಲವಾದರೆ ಈ ಕಾಗದ ಮಡಚಿಡಿ, ಮೊದಲು ತಟ್ಟೆಯ ಮುಂದೆ ಕೂತುಕೊಳ್ಳಿ.